ಲಕ್ಕಮ್ಮನ ತಕರಾರು

ಮದುವೆಯ ಕಾಲದಲ್ಲಿ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಒಂದೇ ಜಗಳ ದಿನವೂ ಮರುಕಳಿಸಬಹುದು. ಗಿರಾಕಿ ಕೇಳಿದ ಬಣ್ಣ ಗೋಡೌನಿನಿಂದ ಇಳಿದು ಬರುವಷ್ಟರಲ್ಲಿ ಗಿರಾಕಿ ಎದ್ದು ಪಕ್ಕದ ಅಂಗಡಿ ಸೇರಿರುತ್ತಾರೆ. ಸೀರೆ ಬಿಡಿಸಿ ತೋರಿಸುತ್ತಿದ್ದವನು ಗೋಡೌನಿನ ಹುಡುಗನ ಮೇಲೆ ರೇಗುತ್ತಾನೆ, ಹುಡುಗ ಗೊಣಗುತ್ತ ಮಹಡಿ ಹತ್ತುತ್ತಾನೆ, ಗಲ್ಲಾದ ಮುಂದಿನ ಯಜಮಾನರು ಇಬ್ಬರನ್ನೂ ಗದರುತ್ತಾರೆ. ಆದರೆ ಆ ಗೊಣಗಾಟದಲ್ಲಿ ಒಂದು ಸುದ್ದಿಯಿದೆ: ಯಾವ ಕಟ್ಟು ಯಾವ ಅಟ್ಟದಲ್ಲಿದೆಯೆಂದು ಯಾರೂ ಗುರುತು ಹಾಕಿಟ್ಟಿಲ್ಲ. ಮಹಡಿ ಹತ್ತಿ ಇಳಿಯುವವನಿಗಷ್ಟೇ ಗೊತ್ತಿರುವ ಸಂಗತಿ ಇದು. ಅದನ್ನು ಕೇಳಿಸಿಕೊಳ್ಳುವುದು ವ್ಯಾಪಾರದ ಜಾಣತನವೆಂಬುದು ನಿಜ. ಅದಕ್ಕಿಂತ ಮೊದಲು ಅದು ಧರ್ಮದ ಕೆಲಸ ಎಂಬುದು ನನ್ನ ವಾದ.

ಈ ವಾದಕ್ಕೆ ಆಧಾರ ಒಂದು ಹಳೆಯ ಕಥೆ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಶರಣ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ತಕರಾರು ತೆಗೆದಳು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು ಎಂಬುದು ಶರಣರ ಕಥೆ. ಅವಳು ಅಸಮಾಧಾನವನ್ನು ನುಂಗಿಕೊಳ್ಳಲಿಲ್ಲ, ನೆರೆಮನೆಗೆ ಒಯ್ಯಲೂ ಇಲ್ಲ. ಸಂಬಂಧಪಟ್ಟವನಿಗೇ, ಅಂದೇ, ಅಳತೆ ತೋರಿಸಿ, ಪರಿಹಾರವನ್ನೂ ಸೇರಿಸಿ ಹೇಳಿದಳು. ಅವಳ ವಚನಗಳನ್ನು ಶರಣರು ಜೋಪಾನ ಮಾಡಿದರು. ಶರಣರು ಸೇರಿ ಚರ್ಚಿಸುತ್ತಿದ್ದರೆನ್ನುವ ಅನುಭವ ಮಂಟಪ ಹೇಗಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರ ಮಾತುಗಳು ನಮ್ಮ ಕೈಯಲ್ಲಿವೆ. ದುಡಿಯುವವನ ಅನುಭವವೂ ತತ್ತ್ವವೆಂದು ಒಪ್ಪಿದ ಸಮುದಾಯವಷ್ಟೇ ಇವನ್ನು ಉಳಿಸಿಕೊಳ್ಳಬಲ್ಲುದು.

ಫಲದ ಆಸೆಯನ್ನೇ ಬಿಡು ಎಂದ ಗೀತೆಯ ಮುಂದೆ ಈ ತಕರಾರಿಗೆಲ್ಲಿ ಜಾಗ ಎಂದು ಕೇಳಬಹುದು. ಅದೇ ಗೀತೆ 2ನೇ ಅಧ್ಯಾಯದಲ್ಲಿ ಕರ್ಮದ ಕುಶಲತೆಯನ್ನು ಯೋಗವೆನ್ನುತ್ತದೆ. ಬಸವನಗುಡಿಯ ಗೋಖಲೆ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ. ತಮ್ಮ ಗೀತಾ ವ್ಯಾಖ್ಯಾನಕ್ಕೆ ‘ಜೀವನಧರ್ಮಯೋಗ’ ಎಂದು ಹೆಸರಿಟ್ಟದ್ದೂ ಗೀತೆಯನ್ನು ದಿನದ ಬದುಕಿನೊಳಗೆ ತರಲೆಂದೇ. ಕೆಟ್ಟ ಕ್ರಮವನ್ನು ಸಹಿಸುತ್ತ ಹೋಗುವುದು ಕುಶಲತೆಯಲ್ಲ. ಬಿಡಬೇಕಾದದ್ದು ‘ನಾನೇ ಸರಿ’ ಎಂಬ ಹಟ; ಅದನ್ನು ಬಿಟ್ಟರೆ ರೇಗಾಟ ಹುಡುಗನನ್ನು ಬಿಟ್ಟು ಅಟ್ಟದ ಕಡೆ ತಿರುಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕೆಲಸಗಾರರ ನೋವಿಗೆಲ್ಲ ‘ಸುಧಾರಣೆಯ ಅವಕಾಶ’ ಎಂದು ಹೆಸರಿಡುವುದು ಅವರ ಬಾಯಿ ಮುಚ್ಚಿಸುವ ಉಪಾಯವಾಗಬಹುದು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಲ್ಲಿಕೋಟೆಯ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ದಿನವಿಡೀ ನಿಂತೇ ದುಡಿಯಬೇಕಾದದ್ದನ್ನು ಪ್ರತಿಭಟಿಸಿದರು; 2018ರಲ್ಲಿ ಕೇರಳ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು, 2021ರಲ್ಲಿ ತಮಿಳುನಾಡೂ ಕೊಟ್ಟಿತು. ಅವರ ಕಾಲುನೋವು ಮೊದಲು ನ್ಯಾಯದ ಪ್ರಶ್ನೆ, ಆಮೇಲೆ ಅಂಗಡಿಯ ಕ್ರಮದ್ದು. ಎರಡಕ್ಕೂ ದಾರಿ ಒಂದೇ ಕಡೆಯಿಂದ ತೆರೆಯಬೇಕು: ಬದಲಿಸುವ ಶಕ್ತಿಯಿರುವವರು ಮೊದಲು ಕದಲಬೇಕು. ಲಕ್ಕಮ್ಮ ಆಡಿದ್ದು ಮಾತು. ಅಕ್ಕಿಯ ಗಂಟು ಹೊತ್ತು ಮರಳಿ ನಡೆದವನು ಮಾರಯ್ಯ. ಚಿಕ್ಕಪೇಟೆಯ ಯಜಮಾನರು ಸಂಜೆ ಬಾಗಿಲೆಳೆಯುವ ಮುಂಚೆ ಆ ಹುಡುಗನ ಜೊತೆ ಒಮ್ಮೆ ಮಹಡಿ ಹತ್ತಿ ನೋಡಲಿ.