ಮೂಳೆಯ ರಾಡಿಗೆ ಔಷಧದ ಲೇಪ: ನನ್ನ ಕಾಲು, ನೆರೆಯವನ ಪಾಲು



ಮುರಿದ ಕಾಲಿಗೆ ರಾಡು ಹಾಕಿಸಿಕೊಂಡವರು, ಸವೆದ ಮಂಡಿ ಬದಲಿಸಿಕೊಂಡವರು ಇಲ್ಲದ ಧರ್ಮಕೇಂದ್ರ ಇಂದು ಇರಲಾರದು. ಹೆಚ್ಚಿನವರು ಗುಣವಾಗಿ ಬಲಿಪೂಜೆಗೆ ನಡೆದೇ ಬರುತ್ತಾರೆ. ಆದರೆ ಮಂಡಿ ಬದಲಿಸಿಕೊಂಡ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಒಳಗೆ ಕೀವಾಗುತ್ತದೆ. ಅಪಘಾತದಲ್ಲಿ ಚರ್ಮ ಸೀಳಿ ಮೂಳೆ ಹೊರಬಂದವರಲ್ಲಿ ಈ ಲೆಕ್ಕ ಇನ್ನೂ ಹೆಚ್ಚು. ಮತ್ತೆ ಆಪರೇಷನ್, ಹಾಕಿದ್ದನ್ನು ತೆಗೆಯುವುದು, ತಿಂಗಳುಗಟ್ಟಲೆ ಔಷಧ, ದುಡಿಮೆಯಿಲ್ಲದ ಮನೆ. ಕೆಲವರು ಕಾಲನ್ನೇ ಕಳೆದುಕೊಳ್ಳುತ್ತಾರೆ.

ಲೋಹದೊಳಗೆ ರಕ್ತ ಹರಿಯುವುದಿಲ್ಲ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ತೋರಿಸಿದ್ದು ಇದು: ಬರೀ ಚರ್ಮದಲ್ಲಿ ಕೀವು ಕಟ್ಟಲು ಲಕ್ಷಾಂತರ ರೋಗಾಣುಗಳು ಬೇಕು, ಅಲ್ಲಿ ಹೊಲಿಗೆಯ ದಾರವೊಂದಿದ್ದರೆ ಕೆಲವು ನೂರು ಸಾಕು. ರಾಡಿನ ಮೈಮೇಲೆ ಒಮ್ಮೆ ಬೀಡುಬಿಟ್ಟ ರೋಗಾಣುಗಳು ಲೋಳೆಯಂಥ ಪೊರೆ ಹೊದ್ದು ಕೂರುತ್ತವೆ. ಆಮೇಲೆ ಎಷ್ಟು ಔಷಧ ಕೊಟ್ಟರೂ ಅವು ಸುಲಭವಾಗಿ ಜಗ್ಗುವುದಿಲ್ಲ.

ಆದ್ದರಿಂದ ವೈದ್ಯರು ಔಷಧವನ್ನು ಲೋಹದ ಜೊತೆಗೇ ಒಳಗೆ ಕಳಿಸುವ ದಾರಿ ಹುಡುಕಿದರು. ಜರ್ಮನಿಯ ಹ್ಯಾಂಬರ್ಗಿನ ಶಸ್ತ್ರವೈದ್ಯ ಬುಖೋಲ್ಟ್ಸ್, ಕೃತಕ ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಬೆರೆಸಿದ ಅನುಭವವನ್ನು 1970ರಲ್ಲಿ ಪ್ರಕಟಿಸಿದರು. 2005ರಲ್ಲಿ ಯುರೋಪಿನಲ್ಲಿ ಅದೇ ಔಷಧ ಲೇಪಿಸಿದ ಕಾಲಿನ ರಾಡು ಬಳಕೆಗೆ ಬಂತು. ದೇಹದೊಳಗೆ ತಾನೇ ಕರಗುವ ತೆಳು ಪದರದಿಂದ ಮೊದಲ ಕೆಲವು ದಿನಗಳಲ್ಲೇ ಹೆಚ್ಚಿನ ಔಷಧ ಹೊರಬರುತ್ತದೆ. ಗಾಯದ ಸುತ್ತ ಅದು ಬಲವಾಗಿರುತ್ತದೆ, ರಕ್ತದಲ್ಲಿ ಅತ್ಯಲ್ಪ.

ಇದರಲ್ಲಿ ಗುರುಗಳಿಗೇನು ಕೆಲಸ ಎನ್ನಬೇಡಿ. ನೂರು ಜನರಿಗೆ ಲೇಪ ಹಚ್ಚಿದರೆ ಅದರಿಂದ ಉಳಿಯುವವರು ಒಬ್ಬಿಬ್ಬರು. ಉಳಿದವರಿಗೆ ಅದರ ಅಗತ್ಯವೇ ಇರಲಿಲ್ಲ. ಆದರೆ ಆ ಒಬ್ಬ ಯಾರೆಂದು ಮೊದಲೇ ತಿಳಿಯುವುದಿಲ್ಲ. ಇತ್ತ ಆಂಟಿಬಯೋಟಿಕ್ ಬಳಸಿದಷ್ಟೂ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಒಗ್ಗಿಕೊಂಡ ರೋಗಾಣು ಆ ರೋಗಿಯ ಮನೆಯಲ್ಲೇ ಉಳಿಯುವುದಿಲ್ಲ. ನನ್ನ ಕಾಲಿನ ಭದ್ರತೆಗಾಗಿ ನಾಳೆ ಯಾವುದೋ ಮಗುವಿಗೆ ಬೇಕಾಗುವ ಔಷಧವನ್ನು ನಾನು ಸವೆಸಬಹುದೇ?

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ಪ್ರಸಂಗ ಹೇಳಿದ್ದರು. ಗಂಟಲುನೋವಿನ ಗಂಡ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ಸೇವಿಸುತ್ತಾನೆ. ಸಾಯದೆ ಉಳಿದ ರೋಗಾಣು ಹೆಂಡತಿಗೆ ತಗಲುತ್ತದೆ. ಆಕೆಗೆ ನ್ಯುಮೋನಿಯಾ ಆದಾಗ ಅದೇ ಔಷಧ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ನೆರೆಯವನು ಯಾರು ಎಂದು ದೂರ ಹುಡುಕಬೇಕೇ?

ಹಾಗೆಂದು, ಎದುರಿಗೆ ನರಳುವವನನ್ನು ಕಾಣದ ನಾಳೆಗಾಗಿ ಕೈಬಿಡಲಾಗದು. ದಯಾಳು ಸಮಾರಿತನು ಎಣ್ಣೆ, ದ್ರಾಕ್ಷಾರಸವನ್ನು ಮುಂದಿನ ಪ್ರಯಾಣಿಕನಿಗೆಂದು ಎತ್ತಿಟ್ಟುಕೊಳ್ಳಲಿಲ್ಲ. ದೂರದೃಷ್ಟಿಯನ್ನು ವಿವೇಕದ ಒಂದು ಅಂಗವೆಂದು ಸಂತ ಥಾಮಸ್ ಅಕ್ವಿನಾಸರು ಎಣಿಸಿದರು. ಆ ವಿವೇಕ ಇಲ್ಲಿ ಬೇಕು. ರಸ್ತೆಯ ಮಣ್ಣು ಮೆತ್ತಿದ ತೆರೆದ ಗಾಯಕ್ಕೆ, ಒಮ್ಮೆ ಕೀವಾಗಿ ಎರಡನೇ ಆಪರೇಷನ್ ಆಗುತ್ತಿರುವವನಿಗೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವನಿಗೆ ಲೇಪ ಹಚ್ಚುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಬೇರೆ ಅಪಾಯವಿಲ್ಲದವನಿಗೂ "ಇರಲಿ ಬಿಡಿ" ಎಂದು ಹಚ್ಚುವುದನ್ನು ನಾನು ಒಪ್ಪಲಾರೆ. ಆಪರೇಷನ್ ಕೋಣೆಯ ಶುಚಿತ್ವ, ಕೈ ತೊಳೆಯುವ ಶಿಸ್ತು ಇವುಗಳ ಸೋಮಾರಿತನಕ್ಕೆ ಲೇಪ ಮರೆಯಾಗಲೇಬಾರದು.

ಲೇಪದಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಶಕ್ತಿಗಿಂತ ಅದರ ಮಿತಿ. ಬೇಕಾದಲ್ಲಿ ಪೂರ್ಣವಾಗಿ ಕೊಟ್ಟು, ಹೊತ್ತಿಗೆ ಸರಿಯಾಗಿ ಮುಗಿಯಬೇಕು. ತಿಂಗಳುಗಟ್ಟಲೆ ತೊಟ್ಟುತೊಟ್ಟಾಗಿ ಸೋರುವ ಅಲ್ಪ ಔಷಧ ರೋಗಾಣುವನ್ನು ಕೊಲ್ಲದೆ ಪಳಗಿಸುತ್ತದೆ. ಹಳೆಯ ಸಿಮೆಂಟಿನ ಬಗ್ಗೆ ತಜ್ಞರಿಗಿರುವ ಅಂಜಿಕೆಯೂ ಇದೇ.

ನಮ್ಮ ಮನೆಗಳಲ್ಲೋ? ಜ್ವರ ಇಳಿದ ಕೂಡಲೇ ನಿಲ್ಲಿಸಿದ ಮಾತ್ರೆಗಳು ಕಪಾಟಿನಲ್ಲಿರುತ್ತವೆ. ಮುಂದಿನ ಸಲ ನೆಗಡಿ ಬಂದಾಗ ಮಗಳಿಗೆ ಎರಡು, ಅತ್ತೆಗೆ ಎರಡು. ಅನೇಕ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಬಿಗಿ ನಿಯಮ 2014ರಿಂದಲೇ ನಮ್ಮ ದೇಶದಲ್ಲಿದೆ. ಅಂಗಡಿಯವನ ಪರಿಚಯವಿದ್ದರೆ ನಿಯಮ ಯಾರಿಗೆ ನೆನಪಾಗುತ್ತದೆ? ಈ ವಾರ ಆ ಕಪಾಟನ್ನೊಮ್ಮೆ ತೆರೆದು ನೋಡಿ. ಮೂಳೆಯ ಆಪರೇಷನ್ ಗೊತ್ತಾಗಿರುವವರಿದ್ದರೆ, "ನನಗೆ ಲೇಪದ ಅಗತ್ಯವಿದೆಯೇ, ಏಕೆ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.