ಭಯವೂ ಉಸಿರೂ

ಭಯವು ಮನುಷ್ಯನಿಗೆ ಶತ್ರುವೋ ಮಿತ್ರನೋ ಎಂಬ ಪ್ರಶ್ನೆಯು ಬಹು ಹಳೆಯದು. ನೀತಿಬೋಧಕರಲ್ಲಿ ಹೆಚ್ಚಿನವರು ಅದನ್ನು ಶತ್ರುವೆಂದೇ ಎಣಿಸಿ, ಅದನ್ನು ತುಳಿದು ನಿಲ್ಲುವವನೇ ಧೀರನೆಂದು ಹೊಗಳಿರುತ್ತಾರೆ. ಲೋಕವ್ಯವಹಾರದಲ್ಲಿ ನುರಿತವರಾದರೋ ಭಯವಿಲ್ಲದವನು ಬಹುಕಾಲ ಬಾಳನೆಂದು ಹೇಳುವರು. ಇವುಗಳಲ್ಲಿ ಯಾವ ಪಕ್ಷವು ಗ್ರಾಹ್ಯವೆಂಬುದನ್ನು ಕೇವಲ ತರ್ಕದಿಂದ ನಿರ್ಣಯಿಸಹೊರಟರೆ ವಾದವು ಬೆಳೆಯುವುದೇ ಹೊರತು ಮುಗಿಯದು. ಆದುದರಿಂದ ಭಯದ ವ್ಯಾಪಾರವು ಸ್ಪಷ್ಟವಾಗಿ ಕಾಣಬರುವ ಒಂದು ಸ್ಥಳವನ್ನು ಆರಿಸಿಕೊಂಡು ಪರೀಕ್ಷಿಸುವುದು ಲೇಸು. ಹೊಸದಾಗಿ ಈಜು ಕಲಿಯುವವನು ನೀರಿನಲ್ಲಿ ಉಸಿರಾಡುವುದಕ್ಕೆ ಪಡುವ ಪಾಡು ಅಂತಹ ಸ್ಥಳವಾಗಿರುತ್ತದೆ.

ನೆಲದ ಮೇಲೆ ಉಸಿರಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾದುದಿಲ್ಲ. ಶಿಶುವಿನ ಮೊದಲ ಅಳುವಿನೊಡನೆ ಆರಂಭವಾದ ಈ ಕ್ರಿಯೆಯು ನಿದ್ರೆಯಲ್ಲಿಯೂ ನಿಲ್ಲದೆ ನಡೆಯುತ್ತದೆ. ಆದರೆ ನೀರಿಗಿಳಿದ ಕೂಡಲೆ ಈ ಸಹಜವಿದ್ಯೆಯೇ ಮರೆತುಹೋದಂತಾಗುತ್ತದೆ. ಹಳ್ಳಿಯ ಬಾವಿಯಲ್ಲಿ ಸೊಂಟಕ್ಕೆ ಹಗ್ಗವನ್ನೂ ಬೆನ್ನಿಗೆ ಸೋರೆಬುರುಡೆಯನ್ನೂ ಕಟ್ಟಿಕೊಂಡು ಇಳಿಯುವ ಹುಡುಗನಾಗಲಿ, ಪಟ್ಟಣದ ಈಜುಕೊಳದಲ್ಲಿ ಕಂಬಿ ಹಿಡಿದು ನಿಂತ ಗೃಹಸ್ಥನಾಗಲಿ, ಇಬ್ಬರ ಅವಸ್ಥೆಯೂ ಒಂದೇ. ಎದೆತುಂಬ ಗಾಳಿಯನ್ನು ಎಳೆದುಕೊಂಡು, ತುಟಿಗಳನ್ನು ಬಿಗಿದು, ಮುಖವನ್ನು ನೀರಿನಲ್ಲಿಡುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಎದೆಯಲ್ಲಿ ಸಂಕಟವು ಹುಟ್ಟುತ್ತದೆ. ಗಾಳಿಯು ಸಾಲದಾಯಿತೆಂದು ಬಗೆದು, ತಲೆಯನ್ನು ಮೇಲೆತ್ತಿ ಇನ್ನಷ್ಟನ್ನು ಎಳೆಯಲು ಹವಣಿಸುತ್ತಾನೆ. ಆದರೆ ಒಳಗಿನದನ್ನು ಇನ್ನೂ ಬಿಟ್ಟೇ ಇಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದುಂಟೆ? ಬಿಡುವುದನ್ನೂ ತೆಗೆದುಕೊಳ್ಳುವುದನ್ನೂ ಅರೆಕ್ಷಣದಲ್ಲಿ ಮಾಡಹೋಗಿ ಎರಡನ್ನೂ ಕೆಡಿಸಿಕೊಳ್ಳುತ್ತಾನೆ. ಇತ್ತ ತಲೆಯು ಮೇಲೆದ್ದಷ್ಟೂ ಅತ್ತ ಸೊಂಟವೂ ಕಾಲುಗಳೂ ಕೆಳಗಿಳಿಯುತ್ತವೆ. ಉಳಿಯಲೆಂದು ಮಾಡಿದ ಯತ್ನವೇ ಮುಳುಗಿಸುವ ಯತ್ನವಾಗುತ್ತದೆ.

ಈ ಸಂಕಟಕ್ಕೆ ನಿಜವಾದ ಕಾರಣವೇನು? ಹೊರಗಿನ ಗಾಳಿಯ ನೂರು ಭಾಗಗಳಲ್ಲಿ ಆಮ್ಲಜನಕವು ಸುಮಾರು 21 ಭಾಗವಿರುವುದು. ಮನುಷ್ಯನು ಬಿಟ್ಟ ಉಸಿರಿನಲ್ಲಿಯೂ ಅದು ಸುಮಾರು 16 ಭಾಗ ಉಳಿದಿರುತ್ತದೆ. ಇಂಗಾಲಾಮ್ಲವಾಯುವಾದರೋ ಹೊರಗಿನ ಗಾಳಿಯಲ್ಲಿ ಅತ್ಯಲ್ಪವಾಗಿದ್ದು, ಬಿಟ್ಟ ಉಸಿರಿನಲ್ಲಿ ಸುಮಾರು 4 ಭಾಗಕ್ಕೇರುತ್ತದೆ. ಉಸಿರಾಟದ ಏರಿಳಿತವನ್ನು ಸಾಮಾನ್ಯವಾಗಿ ಆಳುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲಾಮ್ಲದ ಹೆಚ್ಚಳವು ಎಂಬುದನ್ನು ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ಶಾಸ್ತ್ರಜ್ಞರು 1905 ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದರು. ಎಂದಮೇಲೆ ಹೊಸಬನ ಎದೆಯಲ್ಲಿ ಮೊದಲು ಹುಟ್ಟಿದ ಕೂಗು 'ಕೊಡು' ಎಂಬುದಲ್ಲ, 'ಬಿಡು' ಎಂಬುದು. ಪ್ರಾಣವಾಯುವು ಇನ್ನೂ ಬೇಕಾದಷ್ಟಿದೆ. ಕಶ್ಮಲವು ಹೊರಹೋಗಿಲ್ಲ, ಅಷ್ಟೆ.

ಇಲ್ಲಿಯೇ ಪ್ರಶ್ನೆಯ ಮರ್ಮವು ಅಡಗಿದೆ. ಭಯವು ಸುಳ್ಳು ಹೇಳಲಿಲ್ಲ. ಕೇಳಿದವನು ಅದನ್ನು ತಪ್ಪಾಗಿ ಅರ್ಥಮಾಡಿಕೊಂಡನು. ವೇದಾಂತಿಗಳು ಭ್ರಾಂತಿಗೆ ಹಗ್ಗವನ್ನು ಹಾವೆಂದು ತಿಳಿದವನ ದೃಷ್ಟಾಂತವನ್ನು ಕೊಡುವುದುಂಟು. ಅಲ್ಲಿ ಹಾವು ಇಲ್ಲವೇ ಇಲ್ಲ. ದೀಪ ತಂದರೆ ಭಯವು ನಿಶ್ಶೇಷವಾಗಿ ತೊಲಗುತ್ತದೆ. ಇಲ್ಲಿ ಹಾಗಲ್ಲ. ನೀರು ನಿಜ, ಆಳ ನಿಜ, ಸಂಕಟವೂ ನಿಜ. ತಪ್ಪಿರುವುದು ಪ್ರತೀಕಾರದಲ್ಲಿ ಮಾತ್ರ. ಬಾಳಿನ ಭಯಗಳಲ್ಲಿ ಬಹುಪಾಲು ಈ ಎರಡನೆಯ ಜಾತಿಗೆ ಸೇರಿದವು. ಆದಕಾರಣ 'ಹೆದರಬೇಡ' ಎಂಬ ಬರಿಯ ಉಪದೇಶವು ಅವುಗಳಲ್ಲಿ ನಿಷ್ಫಲವಾಗುತ್ತದೆ.

ಬಲ್ಲ ಗುರುವು ಶಿಷ್ಯನಿಗೆ ಮೊದಲು ಕಲಿಸುವುದು ರೇಚಕವನ್ನು. ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಮುಖವನ್ನು ಮುಳುಗಿಸಿ, ಮೂಗು ಬಾಯಿಗಳಿಂದ ನಿಧಾನವಾಗಿ ಗುಳ್ಳೆಗಳನ್ನು ಬಿಡಿಸುತ್ತಾನೆ. ಅದು ರೂಢಿಯಾದ ಮೇಲೆ ತಲೆಯನ್ನು ಎತ್ತದೆ, ಮೈಯೊಡನೆ ಮುಖವನ್ನೂ ಪಕ್ಕಕ್ಕೆ ಹೊರಳಿಸಿ, ಬಾಯಿ ನೀರಿನಿಂದ ಹೊರಗೆ ಬಂದಷ್ಟರಲ್ಲಿಯೇ ಉಸಿರನ್ನು ತೆಗೆದುಕೊಳ್ಳುವ ಕ್ರಮವನ್ನು ತೋರಿಸುತ್ತಾನೆ. ಬಿಡುವ ಕೆಲಸವು ನೀರೊಳಗೆ ಮುಗಿದಿದ್ದರೆ ಪೂರಕಕ್ಕೆ ಯತ್ನವೇ ಬೇಡ. ಬರಿದಾದ ಎದೆಗೆ ಗಾಳಿಯು ತಾನಾಗಿ ಬಂದು ತುಂಬುತ್ತದೆ. ಪತಂಜಲಿಮಹರ್ಷಿಯು ಯೋಗಸೂತ್ರದ ಮೊದಲನೆಯ ಪಾದದಲ್ಲಿ ಚಿತ್ತಪ್ರಸಾದಕ್ಕೆ ಉಪಾಯಗಳನ್ನು ಹೇಳುವಾಗ ಪ್ರಾಣದ ಪ್ರಚ್ಛರ್ದನವನ್ನು, ಎಂದರೆ ಹೊರಬಿಡುವುದನ್ನು, ಮೊದಲಿಟ್ಟು, ವಿಧಾರಣವನ್ನು ಆಮೇಲಿಟ್ಟಿರುವನು. ಆಸನಸಿದ್ಧಿಗೂ ಪ್ರಯತ್ನದ ಶೈಥಿಲ್ಯವನ್ನೇ ಕಾರಣವಾಗಿ ಹೇಳಿರುವನು. ಆತನ ಉದ್ದೇಶವು ಈಜಲ್ಲವಾದರೂ ಕ್ರಮವು ವಿಚಾರಾರ್ಹವಾದುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಸಂಕಟದ ಕೂಗು ಇಷ್ಟು ಬೇಗ ಏಳುವುದೇ ತೊಡಕಾದರೆ ಆ ಕೂಗನ್ನೇ ಅಡಗಿಸಿಬಿಡಬಾರದೇಕೆ? ಹಾಗೆ ಮಾಡುವವರೂ ಇದ್ದಾರೆ. ಮುಳುಗುವ ಮುಂಚೆ ಅನೇಕ ಸಲ ವೇಗವಾಗಿಯೂ ಆಳವಾಗಿಯೂ ಉಸಿರಾಡಿದರೆ ನೀರಿನ ಕೆಳಗೆ ಹೆಚ್ಚು ಹೊತ್ತು ಇರಬಹುದೆಂಬ ನಂಬಿಕೆಯುಂಟು. ಆದರೆ ಹೀಗೆ ಉಸಿರಾಡುವುದರಿಂದ ರಕ್ತದ ಆಮ್ಲಜನಕವು ಹೆಚ್ಚುವುದು ಅತ್ಯಲ್ಪ; ಇಂಗಾಲಾಮ್ಲವು ಮಾತ್ರ ಬಹಳ ಇಳಿದುಹೋಗುತ್ತದೆ. ಆಗ ಎಚ್ಚರಿಕೆಯ ಕೂಗು ತಡವಾಗುತ್ತದೆ. ಅದು ಏಳುವುದಕ್ಕೆ ಮೊದಲೇ ಆಮ್ಲಜನಕವು ಕುಂದಿ ಪ್ರಜ್ಞೆಯು ತಪ್ಪಬಹುದು. ಒದ್ದಾಟವಿಲ್ಲ, ಸಂಕಟವಿಲ್ಲ, ಮನುಷ್ಯನು ಸದ್ದಿಲ್ಲದೆ ತಳ ಸೇರುತ್ತಾನೆ. ಕೆಲಸಬಲ್ಲ ಈಜುಗಾರರೇ ಹೀಗೆ ಪ್ರಾಣ ಕಳೆದುಕೊಂಡಿರುವುದುಂಟು. ರಾತ್ರಿ ಕೂಗುವ ತಳವಾರನ ಬಾಯಿ ಕಟ್ಟಿ ಸುಖವಾಗಿ ನಿದ್ರೆಮಾಡಿದವನ ಮನೆಗೆ ಕಳ್ಳರು ಬಂದಂತಾಯಿತು!

ಆದುದರಿಂದ ಭಯದ ಮುಂದೆ ಮನುಷ್ಯರು ಮೂರು ಬಗೆಯಾಗಿ ನಡೆಯುವರೆನ್ನಬಹುದು. ಭಯದ ಮಾತಿಗೆ ಒಡನೆಯೇ ಓಡುವವನೊಬ್ಬನು. ಭಯದ ಕತ್ತನ್ನು ಹಿಸುಕುವವನೊಬ್ಬನು. ಭಯವು ಏನನ್ನು ಹೇಳುತ್ತಿದೆಯೆಂದು ಕೇಳಿ ಅದಕ್ಕೆ ತಕ್ಕುದನ್ನು ಮಾಡುವವನೊಬ್ಬನು. ಮೊದಲಿನವನು ಹೇಡಿ, ಎರಡನೆಯವನು ಸಾಹಸಿ, ಮೂರನೆಯವನೇ ಧೀರನು. ರನ್ನಕವಿಯ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ಒಳಗೆ ಅಡಗಿರುವನು. ನೀರು ಅವನನ್ನು ಬಾಧಿಸಲಿಲ್ಲ. ಆದರೂ ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವರಿದನಂತೆ. ಉಸಿರನ್ನು ಕಟ್ಟುವ ವಿದ್ಯೆಯಿದ್ದರೂ ಒಳಗಿನ ಛಲವನ್ನು ಬಿಡುವ ವಿದ್ಯೆಯು ಆತನಿಗೆ ಒಲಿದಿರಲಿಲ್ಲ.

ಈ ವಿಚಾರದಿಂದ ಕಲಿಸುವವರಿಗೂ ಒಂದು ಧರ್ಮವು ಏರ್ಪಡುತ್ತದೆ. ಹುಡುಗನನ್ನು ಹಿಂದಿನಿಂದ ಬಾವಿಗೆ ನೂಕಿದರೆ ತಾನೇ ಕಲಿಯುವನೆಂದು ಹೇಳುವವರು ಈಗಲೂ ಇದ್ದಾರೆ. ಹಾಗೆ ಕಲಿತವರೂ ಉಂಟೆಂಬುದು ದಿಟವೇ. ಆದರೆ ಕಲಿಯದೆ ಹೋದವರು ತಮ್ಮ ಕಥೆಯನ್ನು ಹೇಳುವುದಕ್ಕೆ ಬರಲಾರರು. 2021 ರಲ್ಲಿ ಲೋಕದಲ್ಲೆಲ್ಲ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಣಿಸಿದೆ. ಅವರಲ್ಲಿ ಮಕ್ಕಳೂ ತರುಣರೂ ಬಹುಮಂದಿ. ಈಜನ್ನು ಕಲಿಸದಿರುವುದೂ ತಪ್ಪು, ಭಯಪಡಿಸಿ ಕಲಿಸುವುದೂ ತಪ್ಪು. ನೂಕಿಸಿಕೊಂಡ ಹುಡುಗನು ನೀರನ್ನು ನಂಬುವ ಮೊದಲೇ ಗುರುವನ್ನು ನಂಬುವುದನ್ನು ಬಿಡುತ್ತಾನೆ. ಹಗ್ಗದ ತುದಿಯನ್ನು ಹಿಡಿದ ಕೈಯು ಗಟ್ಟಿಯಾಗಿದೆಯೆಂಬ ನಂಬಿಕೆಯಿದ್ದರಲ್ಲವೆ ಶಿಷ್ಯನು ಉಸಿರನ್ನು ಸಡಿಲಬಿಡುವುದು? ಲೆಕ್ಕವಾಗಲಿ ವ್ಯಾಕರಣವಾಗಲಿ, ಎಲ್ಲ ಪಾಠಗಳಲ್ಲಿಯೂ ಸಂಗತಿಯು ಹೀಗೆಯೇ ಇದೆ.

ಗೃಹಸ್ಥಜೀವನಕ್ಕೂ ಈ ನೀತಿಯು ಹೊರತಲ್ಲ. ಕಷ್ಟಕಾಲವು ಬಂದಾಗ ಮನುಷ್ಯನು ಹಣವನ್ನು ಬಿಗಿಹಿಡಿಯುತ್ತಾನೆ, ಅಧಿಕಾರವನ್ನು ಬಿಗಿಹಿಡಿಯುತ್ತಾನೆ, ಹಳೆಯ ಕೋಪವನ್ನು ಎದೆಯಲ್ಲಿ ಕಟ್ಟಿಕೊಂಡು ಕೂಡುತ್ತಾನೆ. ಎದೆ ಬಿಗಿದಾಗ ಇನ್ನೂ ಏನೋ ಬೇಕೆಂದು ಹಂಬಲಿಸುತ್ತಾನೆ. ಎಲ್ಲ ಕೊರತೆಯೂ ಬಿಡದಿರುವುದರಿಂದಲೇ ಬಂದುದೆಂದು ಹೇಳಿದರೆ ಅದು ಅತಿಮಾತಾದೀತು. ಹಸಿದವನಿಗೆ ತ್ಯಾಗವನ್ನು ಬೋಧಿಸುವುದು ಕ್ರೌರ್ಯವೇ ಸರಿ. ನೀರಿನಲ್ಲಿಯೂ ಗಾಳಿಯು ನಿಜವಾಗಿ ತೀರುವ ಸಮಯವೊಂದುಂಟು. ಆಗ ಮೇಲಕ್ಕೆ ಬರಲೇಬೇಕು. ಯಾವುದು ಕೊರತೆಯ ಕೂಗು, ಯಾವುದು ತುಂಬಿದುದರ ಕೂಗು ಎಂಬುದನ್ನು ಬೇರ್ಪಡಿಸಿ ತಿಳಿಯುವುದೇ ವಿವೇಕವು. ಆ ವಿವೇಕವು ದಡದಲ್ಲಿ ಕುಳಿತು ಓದಿದುದರಿಂದ ಬರುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ದಿನದಿನವೂ ನಾಲ್ಕು ಗುಳ್ಳೆಗಳನ್ನು ಬಿಟ್ಟು ಅಭ್ಯಾಸಮಾಡಿದವನಿಗೆ ಮಾತ್ರ ಅದು ಕಾಲಕ್ರಮದಲ್ಲಿ ಲಭಿಸುವುದು.