ಮೈಸೂರಿನ ಕಡೆ

ರೈಲಿನಲ್ಲಿ ಎದುರಿಗೆ ಕುಳಿತ ಅಪರಿಚಿತರು ‘ಯಾವೂರಾಯಿತು ತಮಗೆ?’ ಎಂದು ಕೇಳಿದರೆ ‘ಮೈಸೂರಿನ ಕಡೆ’ ಎನ್ನುತ್ತೇವೆ. ಈ ‘ಕಡೆ’ ಎಂಬುದು ಬಹು ಸೊಗಸಾದ ಮಾತು. ಅದರಲ್ಲಿ ಸುಳ್ಳಿಲ್ಲ, ಪೂರ್ತಿ ನಿಜವೂ ಇಲ್ಲ. ಮಾತು ಬೆಳೆದು, ಎದುರಿನವರು ಸಜ್ಜನರೆಂದು ಕಂಡರೆ ಬಡಾವಣೆಯ ಹೆಸರು ಹೇಳುತ್ತೇವೆ. ಇನ್ನೂ ಹತ್ತಿರವಾದರೆ, ‘ಗಣಪತಿ ಗುಡಿಯ ಪಕ್ಕದ ಬೀದಿ, ಒಮ್ಮೆ ಬನ್ನಿ’ ಎನ್ನುತ್ತೇವೆ. ನಂಬಿಕೆ ಬೆಳೆದಷ್ಟೇ ವಿಳಾಸವೂ ಬೆಳೆಯುತ್ತದೆ.

ಜೇಬಿನೊಳಗಿನ ಮೊಬೈಲಿಗೆ ಈ ‘ಕಡೆ’ ತಿಳಿಯದು. ಫೋಟೋ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಅದು ಫೋಟೋದೊಳಗೇ ಬರೆದಿಡಬಲ್ಲದು. ಕಣ್ಣಿಗೆ ಕಾಣುವುದು ಮಗುವಿನ ನಗೆ. ಬೆನ್ನಿಗೆ ಅಂಟಿರುವುದು ಮನೆಯ ಗುರುತು. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಫೋಟೋದ ಜೊತೆಗೆ ಅದನ್ನು ತೆಗೆದ ಹೊತ್ತು, ಕ್ಯಾಮೆರಾದ ವಿವರ ಇರಲೆಂದು ಜಪಾನಿನವರು 1995ರಲ್ಲಿ ಎಕ್ಸಿಫ್ ಎಂಬ ಏರ್ಪಾಟು ಮಾಡಿದರು. ಸ್ಥಳಕ್ಕೂ ಅದರಲ್ಲೊಂದು ಖಾನೆಯಿದೆ. ಅಕ್ಷಾಂಶದ ದಶಮಾಂಶ ಭಾಗದಲ್ಲಿ ನಾಲ್ಕನೆಯ ಅಂಕಿ ಒಂದು ಹೆಚ್ಚಾದರೆ ನೆಲದ ಮೇಲೆ ಸುಮಾರು 11 ಮೀಟರ್ ಸರಿದಂತೆ. ಅಂದರೆ, ಇದು ಬೀದಿಯ ಮಾತಲ್ಲ, ಬಾಗಿಲ ಮಾತು.

ವೈರಸ್ ತಡೆಯುವ ತಂತ್ರಾಂಶದಿಂದ ಹೆಸರಾದ ಜಾನ್ ಮೆಕಾಫೀ 2012ರಲ್ಲಿ ತಲೆಮರೆಸಿಕೊಂಡಿದ್ದ. ನೆರೆಯವನ ಕೊಲೆಯ ವಿಷಯವಾಗಿ ವಿಚಾರಿಸಲು ಬೆಲೀಜ್ ಪೊಲೀಸರು ಅವನನ್ನು ಹುಡುಕುತ್ತಿದ್ದರು. ಡಿಸೆಂಬರಿನಲ್ಲಿ, ಜೊತೆಗಿದ್ದ ‘ವೈಸ್’ ಪತ್ರಿಕೆಯವರು ಅವನ ಫೋಟೋ ಪ್ರಕಟಿಸಿದರು. ಆತ ಗ್ವಾಟೆಮಾಲಾದಲ್ಲಿರುವುದನ್ನು ಫೋಟೋವೇ ಹೇಳಿಬಿಟ್ಟಿತು. ಅಕ್ರಮ ಪ್ರವೇಶದ ಮೇಲೆ ಆ ವಾರವೇ ಸೆರೆಯಾದ. ಅವನ ಬಗ್ಗೆ ನನಗೆ ಕನಿಕರವೇನೂ ಇಲ್ಲ. ಆದರೆ ಅಡಗಿದವನು ಒಬ್ಬ, ಬಯಲು ಮಾಡಿದವರು ಇನ್ನೊಬ್ಬರು.

‘ಕಳ್ಳನಲ್ಲದವನಿಗೆ ಅಂಜಿಕೆ ಏಕೆ?’ ಎನ್ನುವವರಿದ್ದಾರೆ. ಅವರು ಬಹುಮಟ್ಟಿಗೆ ನಮ್ಮಂಥವರು: ಗೇಟಿನ ಮೇಲೆ ಹೆಸರಿನ ಫಲಕ, ಹುಡುಕಿಕೊಂಡು ಬರುವವರು ಹೆಚ್ಚೆಂದರೆ ಗಣೇಶನ ಚಂದಾದವರು. ಹೊಡೆಯುವ ಗಂಡನನ್ನು ಬಿಟ್ಟುಬಂದ ಹೆಂಗಸನ್ನು ಕೇಳಿ. ಜಾತಿ ಮೀರಿ ಮದುವೆಯಾಗಿ ದೂರದ ಊರಿನಲ್ಲಿ ಬಾಡಿಗೆಗಿರುವ ಹುಡುಗ ಹುಡುಗಿಯನ್ನು ಕೇಳಿ. ಇಂಥ ದಂಪತಿಗಳಿಗೆ ರಕ್ಷಣಾಗೃಹಗಳನ್ನು ಏರ್ಪಡಿಸುವ ವಿಚಾರವನ್ನು ಸುಪ್ರೀಂ ಕೋರ್ಟೇ 2018ರ ಮಾರ್ಚಿನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಆ ಹುಡುಗಿಯನ್ನು ನೋಡಲು ಹೋದ ಗೆಳತಿ ಒಂದು ಫೋಟೋ ತೆಗೆಯುತ್ತಾಳೆ ಎನ್ನಿ. ‘ಚೆನ್ನಾಗಿದ್ದಾಳೆ, ಚಿಂತಿಸಬೇಡಿ’ ಎಂದು ತಾಯಿಗೆ ಈಮೇಲಿನಲ್ಲಿ ಕಳಿಸುತ್ತಾಳೆ. ಅಲ್ಲಿಂದ ಅದು ಅಣ್ಣನ ಕೈಗೆ ಹೋಗುತ್ತದೆ.

ಗೆಳತಿಯ ತಪ್ಪೇನು? ಮನಸ್ಸು ಒಳ್ಳೆಯದು, ತಿಳಿದು ಮಾಡಿದ್ದಲ್ಲ. ಫೋನು ಅವಳದು, ಫೋಟೋವೂ ಅವಳದೇ. ಆದರೆ ಆ ಬಾಗಿಲು ಅವಳದಲ್ಲ. ತನ್ನದಲ್ಲದ್ದನ್ನು ಕೊಡುವಾಗ ಒಳ್ಳೆಯ ಮನಸ್ಸು ಸಾಲದೆಂದೇ ನನ್ನ ಮತ. ತಿಳಿದುಕೊಳ್ಳುವುದು ಸುಲಭವಾದ ಮೇಲೆ ತಿಳಿಯದೆ ಇರುವುದನ್ನು ಎಷ್ಟು ಕಾಲ ಮನ್ನಿಸುವುದು? ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿದರೆ ಗುರುತು ಅಳಿಸುತ್ತದೆ, ಡಾಕ್ಯುಮೆಂಟಾಗಿ ಕಳಿಸಿದರೆ ಉಳಿಯುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಿಯೇ ಬಿಡಬಹುದು. ಇಷ್ಟು ಕಲಿಯಲು ಕಾಫಿ ಆರುವಷ್ಟು ಹೊತ್ತು ಬೇಡ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ದೊಡ್ಡ ಮಾತು. ಆದರೆ ಗೆಳತಿಯರಿಬ್ಬರ ನಡುವೆ ಕೋರ್ಟು ಬಂದು ಕೂರಲಾರದು.

ಈಚೆಗೆ ನಾನು ಯಾರ ಮನೆಯಲ್ಲಿ ಫೋಟೋ ತೆಗೆದರೂ, ‘ಇದನ್ನು ಬೇರೆಯವರಿಗೆ ಕಳಿಸಲೇ?’ ಎಂದು ಕೇಳುತ್ತೇನೆ. ಹೆಚ್ಚಿನವರು ನಗುತ್ತಾರೆ. ಒಬ್ಬಾಕೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬೇಡ’ ಎಂದರು. ನಾನು ಕಾರಣ ಕೇಳಲಿಲ್ಲ.